ಪ್ಲಾಸ್ಮಾ ಆಂಟೆನಾ, ಅಯಾನುಗೋಳ ಮತ್ತು ರೇಡಿಯೊ ತರಂಗಗಳ ಪ್ರಸರಣ: ಸೊನ್ನ ಮತ್ತು ಭೀಮಾ ತೀರದ ಸಾರ್ವಜನಿಕರಿಗೆ ತಿಳಿವಳಿಕೆ

1. ಪೀಠಿಕೆ

ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನ ಸೊನ್ನ ಗ್ರಾಮದ ಬಳಿ ಭೀಮಾ ನದಿಗೆ ಅಡ್ಡಲಾಗಿ ಬ್ಯಾರೇಜನ್ನು ನಿರ್ಮಿಸಲಾಗಿದೆ. ಮಹಾರಾಷ್ಟ್ರದ ಉಜನಿ ಮತ್ತು ವೀರ ಜಲಾಶಯಗಳಿಂದ ಬಿಡುವ ನೀರು ಈ ಬ್ಯಾರೇಜಿನ ಮೂಲಕವೇ ಕೆಳಗೆ ಹರಿಯುತ್ತದೆ. 2020ರ ಅಕ್ಟೋಬರ್ ತಿಂಗಳಿನಲ್ಲಿ ಸುಮಾರು 8 ಲಕ್ಷ ಕ್ಯುಸೆಕ್ ನೀರನ್ನು ಇಲ್ಲಿಂದ ಹೊರಬಿಟ್ಟಾಗ ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ನದಿ ತೀರದ ಗ್ರಾಮಗಳು ಜಲಾವೃತವಾಗಿದ್ದವು.

ಇಂತಹ ಸಂದರ್ಭದಲ್ಲಿ ತೀರದ ಜನರಿಗೆ ಎರಡು ವಿಷಯಗಳು ಮುಖ್ಯವಾಗುತ್ತವೆ. ಮೊದಲನೆಯದು, ರಾತ್ರಿ ವೇಳೆ ಮುನ್ನೆಚ್ಚರಿಕೆ ಊರಿಗೆ ತಲುಪುವುದು. ಎರಡನೆಯದು, ನೀರು ಇಳಿದ ಮೇಲೆ ಹೂಳು ತುಂಬಿದ ಹೊಲದ ಗಡಿಯನ್ನು ಮತ್ತೆ ಗುರುತಿಸುವುದು. ಮೊದಲನೆಯದಕ್ಕೆ ರೇಡಿಯೊ, ಎರಡನೆಯದಕ್ಕೆ ಉಪಗ್ರಹ ಆಧಾರಿತ ಅಳತೆಯ ಉಪಕರಣ ಬಳಕೆಯಾಗುತ್ತವೆ. ಇವೆರಡರ ತರಂಗಗಳೂ ನಮ್ಮ ತಲೆಯ ಮೇಲಿರುವ ಪ್ಲಾಸ್ಮಾ ಪದರದ ಪ್ರಭಾವಕ್ಕೆ ಒಳಪಡುತ್ತವೆ. ಪ್ರಯೋಗಾಲಯಗಳಲ್ಲಿ ಸಿದ್ಧಪಡಿಸಲಾಗುತ್ತಿರುವ ಪ್ಲಾಸ್ಮಾ ಆಂಟೆನಾ ಕೂಡ ಅದೇ ನಿಯಮದಂತೆ ಕೆಲಸ ಮಾಡುತ್ತದೆ. ಸದರಿ ನಿಯಮವನ್ನು ಸರಳವಾಗಿ ವಿವರಿಸಿ, ಅದಕ್ಕೆ ಸಂಬಂಧಿಸಿದ ಸೇವೆಗಳಿಗೆ ಅರ್ಜಿ ಸಲ್ಲಿಸುವವರು ಗಮನಿಸಬೇಕಾದ ಅಂಶಗಳನ್ನು ತಿಳಿಸುವುದು ಈ ಮಾಹಿತಿಯ ಉದ್ದೇಶವಾಗಿದೆ.

2. ಪ್ಲಾಸ್ಮಾ ಎಂದರೇನು?

ಘನ, ದ್ರವ ಮತ್ತು ಅನಿಲಗಳ ನಂತರದ ನಾಲ್ಕನೆಯ ಸ್ಥಿತಿಯನ್ನು ಪ್ಲಾಸ್ಮಾ ಎಂದು ಕರೆಯಲಾಗುತ್ತದೆ. ಅನಿಲಕ್ಕೆ ಸಾಕಷ್ಟು ಶಕ್ತಿ ದೊರೆತಾಗ ಅದರ ಕೆಲವು ಪರಮಾಣುಗಳಿಂದ ಎಲೆಕ್ಟ್ರಾನುಗಳು ಬೇರ್ಪಡುತ್ತವೆ. ಹೀಗೆ ಬಿಡಿಯಾದ ಎಲೆಕ್ಟ್ರಾನುಗಳೂ ಧನ ವಿದ್ಯುದಂಶವುಳ್ಳ ಅಯಾನುಗಳೂ ಕೂಡಿರುವ ಅನಿಲವೇ ಪ್ಲಾಸ್ಮಾ. ಈ ಅರ್ಥದಲ್ಲಿ 'ಪ್ಲಾಸ್ಮಾ' ಎಂಬ ಪದವನ್ನು ಅಮೆರಿಕದ ವಿಜ್ಞಾನಿ ಇರ್ವಿಂಗ್ ಲ್ಯಾಂಗ್ಮುಯರ್ ಅವರು 1928ರಲ್ಲಿ ಬಳಕೆಗೆ ತಂದರು. ಎಷ್ಟು ಉಷ್ಣತೆ ಮತ್ತು ಒತ್ತಡದಲ್ಲಿ ಅನಿಲದ ಎಷ್ಟು ಭಾಗ ಅಯಾನುಗಳಾಗುತ್ತದೆ ಎಂಬ ಲೆಕ್ಕವನ್ನು ಭಾರತದ ಮೇಘನಾದ ಸಹಾ ಅವರು 1920ರಲ್ಲಿ ನೀಡಿದರು.

ಸಿಡಿಲು ಪ್ಲಾಸ್ಮಾ. ಸೂರ್ಯ ಪ್ಲಾಸ್ಮಾ. ಮನೆಯಲ್ಲಿ ಉರಿಯುವ ಟ್ಯೂಬ್‌ಲೈಟಿನ ಒಳಗೆ ಆರ್ಗಾನ್ ಅನಿಲ ಮತ್ತು ಪಾದರಸದ ಆವಿಯಿಂದ ಉಂಟಾಗುವುದೂ ಪ್ಲಾಸ್ಮಾ. ಭೂಮಿಯಿಂದ ಸುಮಾರು 60 ಕಿಲೋಮೀಟರ್ ಎತ್ತರದಿಂದ ಆರಂಭವಾಗಿ ನೂರಾರು ಕಿಲೋಮೀಟರ್ ವರೆಗೆ ಹರಡಿರುವ ಅಯಾನುಗೋಳವೂ ಬಹಳ ತೆಳುವಾದ ಪ್ಲಾಸ್ಮಾವೇ ಆಗಿದೆ. ಸೂರ್ಯನ ನೇರಳಾತೀತ ಕಿರಣ ಮತ್ತು ಕ್ಷ-ಕಿರಣಗಳು ಮೇಲಿನ ಗಾಳಿಯನ್ನು ಅಯಾನೀಕರಿಸುವುದರಿಂದ ಇದು ಉಂಟಾಗುತ್ತದೆ.

3. ತರಂಗಕ್ಕೆ ಪ್ಲಾಸ್ಮಾ ಒಡ್ಡುವ ಮಿತಿ

ಪ್ಲಾಸ್ಮಾದಲ್ಲಿರುವ ಎಲೆಕ್ಟ್ರಾನುಗಳನ್ನು ಸ್ವಲ್ಪ ಸರಿಸಿ ಬಿಟ್ಟರೆ ಅವು ತೂಗುಯ್ಯಾಲೆಯಂತೆ ಹಿಂದೆ ಮುಂದೆ ತೂಗುತ್ತವೆ. ಅವು ಒಂದು ಸೆಕೆಂಡಿಗೆ ಎಷ್ಟು ಬಾರಿ ತೂಗುತ್ತವೆ ಎಂಬ ಸಂಖ್ಯೆಗೆ ಪ್ಲಾಸ್ಮಾ ಆವೃತ್ತಿ ಎಂದು ಹೆಸರು. ಇದನ್ನು ಕಂಡುಹಿಡಿಯುವ ವಿಧಾನ ಸುಲಭವಾಗಿದೆ: ಒಂದು ಘನ ಸೆಂಟಿಮೀಟರಿನಲ್ಲಿರುವ ಎಲೆಕ್ಟ್ರಾನುಗಳ ಸಂಖ್ಯೆಯ ವರ್ಗಮೂಲವನ್ನು 9ರಿಂದ ಗುಣಿಸಿದರೆ, ಪ್ಲಾಸ್ಮಾ ಆವೃತ್ತಿಯು ಕಿಲೋಹರ್ಟ್ಸ್‌ಗಳಲ್ಲಿ ದೊರೆಯುತ್ತದೆ.

ಬರುವ ರೇಡಿಯೊ ತರಂಗದ ಆವೃತ್ತಿಯು ಈ ಸಂಖ್ಯೆಗಿಂತ ಕಡಿಮೆಯಿದ್ದರೆ, ಎಲೆಕ್ಟ್ರಾನುಗಳು ತರಂಗದ ವೇಗಕ್ಕೆ ಹೊಂದಿಕೊಂಡು ಚಲಿಸಿ ಅದನ್ನು ಹಿಂದಕ್ಕೆ ಕಳುಹಿಸುತ್ತವೆ. ಆಗ ಪ್ಲಾಸ್ಮಾ ಲೋಹದ ಹಾಳೆಯಂತೆ ವರ್ತಿಸುತ್ತದೆ. ತರಂಗದ ಆವೃತ್ತಿ ಹೆಚ್ಚಿದ್ದರೆ ಎಲೆಕ್ಟ್ರಾನುಗಳು ಅದನ್ನು ತಡೆಯಲಾರವು. ತರಂಗವು ಪ್ಲಾಸ್ಮಾವನ್ನು ದಾಟಿ ಹೋಗುತ್ತದೆ, ಆದರೆ ಅದರ ಸಂಕೇತ ಸ್ವಲ್ಪ ವಿಳಂಬವಾಗುತ್ತದೆ. ಮುಂದೆ ಹೇಳುವ ಎಲ್ಲ ವಿಷಯಗಳಿಗೂ ಈ ನಿಯಮವೇ ಆಧಾರ.

ನೇರವಾಗಿ ಎದುರಾಗುವ ತರಂಗವನ್ನು ಹಿಂದಿರುಗಿಸಲು ಬೇಕಾದ ಎಲೆಕ್ಟ್ರಾನು ಸಾಂದ್ರತೆ (ಪ್ರತಿ ಘನ ಸೆಂಟಿಮೀಟರಿಗೆ) ಹೀಗಿದೆ:

(ಅ) ಮಧ್ಯಮ ತರಂಗ, 1107 ಕಿಲೋಹರ್ಟ್ಸ್: ಸುಮಾರು 15 ಸಾವಿರ.
(ಆ) ಹ್ರಸ್ವ ತರಂಗ, 7 ಮೆಗಾಹರ್ಟ್ಸ್: ಸುಮಾರು 6 ಲಕ್ಷ.
(ಇ) ಎಫ್.ಎಂ. ರೇಡಿಯೊ, 100 ಮೆಗಾಹರ್ಟ್ಸ್: ಸುಮಾರು 12 ಕೋಟಿ.
(ಈ) ಜಿಪಿಎಸ್ ಉಪಗ್ರಹ ಸಂಕೇತ, 1575.42 ಮೆಗಾಹರ್ಟ್ಸ್: ಸುಮಾರು 3 ಸಾವಿರ ಕೋಟಿ.

ಅಯಾನುಗೋಳದ ಅತಿ ದಟ್ಟ ಪದರದಲ್ಲಿ ಹಗಲು ಹೊತ್ತು ಸಾಮಾನ್ಯವಾಗಿ 10 ಲಕ್ಷದ ಆಸುಪಾಸಿನಲ್ಲಿ ಎಲೆಕ್ಟ್ರಾನುಗಳಿರುತ್ತವೆ. ಟ್ಯೂಬ್‌ಲೈಟಿನ ಒಳಗೆ ಈ ಸಂಖ್ಯೆ 10 ಸಾವಿರ ಕೋಟಿಯ ಆಸುಪಾಸಿನಲ್ಲಿರುತ್ತದೆ. ಆದುದರಿಂದ ಆಕಾಶದ ಪ್ಲಾಸ್ಮಾ ಮಧ್ಯಮ ತರಂಗವನ್ನು ಹಿಂದಿರುಗಿಸಬಲ್ಲದು, ಎಫ್.ಎಂ. ತರಂಗವನ್ನು ಹಿಂದಿರುಗಿಸಲಾರದು. ಉರಿಯುವ ಕೊಳವೆಯ ಪ್ಲಾಸ್ಮಾ ಎಫ್.ಎಂ. ತರಂಗಕ್ಕೂ ಲೋಹದಂತೆ ಕಾಣುತ್ತದೆ.

4. ಪ್ಲಾಸ್ಮಾ ಆಂಟೆನಾ

ಸಾಮಾನ್ಯ ಆಂಟೆನಾದಲ್ಲಿ ಲೋಹದ ಸರಳಿನೊಳಗಿನ ಎಲೆಕ್ಟ್ರಾನುಗಳು ಹಿಂದೆ ಮುಂದೆ ಚಲಿಸುವುದರಿಂದ ತರಂಗವು ಹೊರಹೊಮ್ಮುತ್ತದೆ. ಇದನ್ನೇ ವಿಕಿರಣ ಎನ್ನುತ್ತಾರೆ. ಲೋಹದ ಬದಲಿಗೆ ಗಾಜಿನ ಕೊಳವೆಯೊಳಗಿನ ಪ್ಲಾಸ್ಮಾದ ಎಲೆಕ್ಟ್ರಾನುಗಳನ್ನು ಇದೇ ರೀತಿ ಚಲಿಸುವಂತೆ ಮಾಡಿದರೆ ಅದು ಪ್ಲಾಸ್ಮಾ ಆಂಟೆನಾ ಆಗುತ್ತದೆ. ಅಯಾನೀಕೃತ ಗಾಳಿಯನ್ನೇ ನಿಸ್ತಂತು ವಾಹಕವಾಗಿ ಬಳಸುವ ವಿಚಾರಕ್ಕೆ ಜೆ. ಹೆಟಿಂಗರ್ ಎಂಬುವರು 1919ರಷ್ಟು ಹಿಂದೆಯೇ ಅಮೆರಿಕದಲ್ಲಿ ಪೇಟೆಂಟ್ ಪಡೆದಿದ್ದರು.

ಕೊಳವೆಯ ಎರಡೂ ತುದಿಗಳಿಗೆ ವಿದ್ಯುತ್ ಜೋಡಿಸುವುದು ಒಂದು ವಿಧಾನ. ಇನ್ನೊಂದು ವಿಧಾನದಲ್ಲಿ ಕೊಳವೆಯ ಒಂದೇ ತುದಿಗೆ ರೇಡಿಯೊ ಆವೃತ್ತಿಯ ಶಕ್ತಿಯನ್ನು ನೀಡಲಾಗುತ್ತದೆ. ಈ ಶಕ್ತಿಯು ಪ್ಲಾಸ್ಮಾ ಮತ್ತು ಗಾಜು ಕೂಡುವ ಮೇಲ್ಮೈಯನ್ನು ಹಿಡಿದು ತರಂಗವಾಗಿ ಮುಂದೆ ಸಾಗುತ್ತದೆ; ಸಾಗುತ್ತಲೇ ಮುಂದಿನ ಅನಿಲವನ್ನೂ ಅಯಾನೀಕರಿಸುತ್ತದೆ. ತುದಿಯಿಂದ ದೂರ ಹೋದಂತೆ ಶಕ್ತಿ ಕಡಿಮೆಯಾಗಿ ಎಲೆಕ್ಟ್ರಾನು ಸಾಂದ್ರತೆಯೂ ಇಳಿಯುತ್ತದೆ. ದಪ್ಪ ಗಾಜಿನ ಕೊಳವೆಯಲ್ಲಿ ಈ ಮೇಲ್ಮೈ ತರಂಗ ಸಾಗಬೇಕಾದರೆ ಸಾಂದ್ರತೆಯು ಮೇಲಿನ ಪಟ್ಟಿಯಲ್ಲಿ ಹೇಳಿದ ಪ್ರಮಾಣದ ಸುಮಾರು 5 ಪಟ್ಟಾದರೂ ಇರಬೇಕು. ಅದಕ್ಕಿಂತ ಕೆಳಗೆ ಇಳಿದ ಜಾಗದಲ್ಲಿ ಪ್ಲಾಸ್ಮಾ ಕಂಬ ಕೊನೆಗೊಳ್ಳುತ್ತದೆ. ಶಕ್ತಿ ಹೆಚ್ಚಿಸಿದರೆ ಕಂಬ ಉದ್ದವಾಗುತ್ತದೆ, ಇಳಿಸಿದರೆ ಗಿಡ್ಡವಾಗುತ್ತದೆ. ಆಂಟೆನಾದ ಉದ್ದವೇ ಅದು ಯಾವ ಆವೃತ್ತಿಗೆ ಹೊಂದುತ್ತದೆ ಎಂಬುದನ್ನು ನಿರ್ಧರಿಸುವುದರಿಂದ, ಒಂದೇ ಕೊಳವೆಯನ್ನು ಬೇರೆ ಬೇರೆ ಆವೃತ್ತಿಗಳಿಗೆ ಹೊಂದಿಸಲು ಸಾಧ್ಯವಾಗುತ್ತದೆ.

ಭಾರತದಲ್ಲಿ ಈ ಬಗ್ಗೆ ಗುಜರಾತಿನ ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಲ್ಲಿ ಪ್ರಯೋಗಗಳು ನಡೆದಿವೆ. ಅಲ್ಲಿನ ರಜನೀಶ್ ಕುಮಾರ್ ಮತ್ತು ಧೀರಜ್ ಬೋರಾ ಅವರು 30 ಸೆಂಟಿಮೀಟರ್ ಉದ್ದದ ಆರ್ಗಾನ್ ಪ್ಲಾಸ್ಮಾ ಕಂಬವನ್ನು ಆಂಟೆನಾ ಆಗಿ ಬಳಸಿದ ವರದಿಯು 2010ರಲ್ಲಿ ಪ್ರಕಟವಾಯಿತು. ಅನಿಲದ ಒತ್ತಡ, ಶಕ್ತಿ ಮತ್ತು ಆವೃತ್ತಿಗಳನ್ನು ಬದಲಿಸಿ ಒಂದೇ ಕಂಬವನ್ನು ಆಂಟೆನಾ ಸಾಲಿನಂತೆಯೂ ಸುರುಳಿಯಾಕಾರದ ಆಂಟೆನಾದಂತೆಯೂ ವರ್ತಿಸುವಂತೆ ಮಾಡಬಹುದೆಂದು ಅವರು ತೋರಿಸಿದರು.

ಅನುಕೂಲಗಳು: ವಿದ್ಯುತ್ ನಿಲ್ಲಿಸಿದ ಕ್ಷಣಮಾತ್ರದಲ್ಲಿ ಇದು ಬರಿಯ ಗಾಜಿನ ಕೊಳವೆಯಾಗುತ್ತದೆ; ಪಕ್ಕದ ಆಂಟೆನಾಗಳಿಗೆ ಅಡ್ಡಿಯಾಗದು, ರಾಡಾರಿಗೆ ಸುಲಭವಾಗಿ ಕಾಣದು. ಆದ್ದರಿಂದ ರಕ್ಷಣಾ ಕ್ಷೇತ್ರದವರಿಗೆ ಇದರಲ್ಲಿ ವಿಶೇಷ ಆಸಕ್ತಿ ಇದೆ.

ಮಿತಿಗಳು: ಪ್ಲಾಸ್ಮಾವನ್ನು ಉಳಿಸಿಕೊಳ್ಳಲು ಸತತವಾಗಿ ವಿದ್ಯುತ್ ಬೇಕು. ಬಿಸಿ ಎಲೆಕ್ಟ್ರಾನುಗಳು ತಾವೇ ರೇಡಿಯೊ ಗದ್ದಲವನ್ನು ಉಂಟುಮಾಡುತ್ತವೆ. ಗಾಜು ಒಡೆಯಬಹುದು. ಇದಲ್ಲದೆ ಆಂಟೆನಾದ ಉದ್ದ ತರಂಗದ ಉದ್ದಕ್ಕೆ ತಕ್ಕಂತಿರಬೇಕು. 120 ಮೆಗಾಹರ್ಟ್ಸ್ ತರಂಗದ ಕಾಲು ಭಾಗ ಸುಮಾರು 62 ಸೆಂಟಿಮೀಟರ್. ಎರಡು ಅಡಿಯ ಕೊಳವೆ ಸಾಕು. 1107 ಕಿಲೋಹರ್ಟ್ಸ್ ತರಂಗದ ಉದ್ದ 271 ಮೀಟರ್. ಅದರ ಕಾಲು ಭಾಗವೇ ಸುಮಾರು 68 ಮೀಟರ್. ಅಷ್ಟು ಎತ್ತರದ ಗಾಜಿನ ಕೊಳವೆ ಕಾರ್ಯಸಾಧ್ಯವಲ್ಲ. ಆದ್ದರಿಂದ ಮಧ್ಯಮ ತರಂಗ ಪ್ರಸಾರಕ್ಕೆ ಉಕ್ಕಿನ ಗೋಪುರವೇ ಸೂಕ್ತವಾಗಿದೆ.

5. ಅಯಾನುಗೋಳ ಮತ್ತು ಆಕಾಶವಾಣಿ

ಅಯಾನುಗೋಳ ಇರುವುದನ್ನು ಇಂಗ್ಲೆಂಡಿನ ಎಡ್ವರ್ಡ್ ಆಪಲ್ಟನ್ ಅವರು 1924ರಲ್ಲಿ ಪ್ರಯೋಗದಿಂದ ದೃಢಪಡಿಸಿದರು. ಭಾರತದಲ್ಲಿ ಈ ಅಧ್ಯಯನಕ್ಕೆ ಕಲ್ಕತ್ತಾ ವಿಶ್ವವಿದ್ಯಾಲಯದ ಶಿಶಿರ್ ಕುಮಾರ್ ಮಿತ್ರಾ ಅವರು ಬುನಾದಿ ಹಾಕಿದರು.

ಕಲಬುರಗಿಯ ಆಕಾಶವಾಣಿ ಕೇಂದ್ರವು 1966ರಲ್ಲಿ ಆರಂಭವಾಯಿತು. ಮಧ್ಯಮ ತರಂಗದ 1107 ಕಿಲೋಹರ್ಟ್ಸ್ ಈ ಭಾಗದ ಕೇಳುಗರಿಗೆ ಬಹುಕಾಲದಿಂದ ಪರಿಚಿತವಾದುದು. ಮಧ್ಯಮ ತರಂಗವು ಕೇಳುಗರನ್ನು ಎರಡು ದಾರಿಗಳಲ್ಲಿ ತಲುಪುತ್ತದೆ. ಒಂದು, ನೆಲವನ್ನು ಅನುಸರಿಸಿ ಸಾಗುವ ಭೂತರಂಗ. ಇನ್ನೊಂದು, ಮೇಲೇರಿ ಅಯಾನುಗೋಳದಿಂದ ಹಿಂದಿರುಗುವ ಆಕಾಶತರಂಗ. ಹಗಲಿನಲ್ಲಿ 60ರಿಂದ 90 ಕಿಲೋಮೀಟರ್ ಎತ್ತರದ ಕೆಳಪದರದಲ್ಲಿ ಎಲೆಕ್ಟ್ರಾನುಗಳು ದಟ್ಟ ಗಾಳಿಯ ಕಣಗಳಿಗೆ ಡಿಕ್ಕಿ ಹೊಡೆದು ತರಂಗದ ಶಕ್ತಿಯನ್ನು ಶಾಖವಾಗಿ ಕಳೆದುಬಿಡುತ್ತವೆ. ಆದ್ದರಿಂದ ಹಗಲು ಭೂತರಂಗ ಮಾತ್ರ ಉಳಿಯುತ್ತದೆ. ಸೂರ್ಯಾಸ್ತದ ನಂತರ ಈ ಕೆಳಪದರವು ಬಹುಮಟ್ಟಿಗೆ ಕರಗಿಹೋಗುತ್ತದೆ. ಆಗ ತರಂಗವು ಮೇಲಿನ ಪದರಗಳನ್ನು ತಲುಪಿ ನೂರಾರು ಕಿಲೋಮೀಟರ್ ಆಚೆ ನೆಲಕ್ಕೆ ಇಳಿಯುತ್ತದೆ.

ರಾತ್ರಿ ದೂರದ ರಾಜ್ಯಗಳ ಕೇಂದ್ರಗಳು ಕೇಳಿಸುವುದಕ್ಕೂ, ಹತ್ತಿರದ ಕೇಂದ್ರದ ಧ್ವನಿ ಏರಿಳಿತವಾಗುವುದಕ್ಕೂ ಇದೇ ಕಾರಣ. ಅದೇ ಆವೃತ್ತಿಯ ಅಥವಾ ಅಕ್ಕಪಕ್ಕದ ಆವೃತ್ತಿಯ ದೂರದ ಕೇಂದ್ರವು ಮೇಲಿನಿಂದ ಬಂದು ಬೆರೆಯುತ್ತದೆ. ಒಂದೇ ಕೇಂದ್ರದ ಭೂತರಂಗ ಮತ್ತು ಆಕಾಶತರಂಗಗಳು ಒಂದನ್ನೊಂದು ಅಳಿಸುವುದೂ ಉಂಟು. ಇದು ರೇಡಿಯೊ ಪೆಟ್ಟಿಗೆಯ ದೋಷವಲ್ಲ.

6. ಪ್ರವಾಹದ ರಾತ್ರಿಯಲ್ಲಿ ಗಮನಿಸಬೇಕಾದ ಅಂಶಗಳು

(ಅ) ಮಧ್ಯಮ ತರಂಗದ ಧ್ವನಿ ಕ್ಷೀಣಿಸಿದರೆ ಕೇಂದ್ರ ಸ್ಥಗಿತಗೊಂಡಿದೆ ಎಂದು ಭಾವಿಸಬಾರದು. ಕೆಲವು ನಿಮಿಷ ಕಾಯಬೇಕು.

(ಆ) ಸಣ್ಣ ರೇಡಿಯೊಗಳಲ್ಲಿ ಮಧ್ಯಮ ತರಂಗವನ್ನು ಹಿಡಿಯುವುದು ಒಳಗಿರುವ ಫೆರೈಟ್ ಕಡ್ಡಿಯೇ ಹೊರತು ಹೊರಗೆ ಎಳೆಯುವ ಸರಳಲ್ಲ. ಆದ್ದರಿಂದ ಪೆಟ್ಟಿಗೆಯನ್ನೇ ನಿಧಾನವಾಗಿ ತಿರುಗಿಸಿ ಧ್ವನಿ ಸ್ಪಷ್ಟವಾಗುವ ದಿಕ್ಕಿನಲ್ಲಿ ಇಡಬೇಕು. ಎಫ್.ಎಂ.ಗೆ ಮಾತ್ರ ಸರಳನ್ನು ಪೂರ್ಣವಾಗಿ ಎಳೆಯಬೇಕು.

(ಇ) ಟ್ಯೂಬ್‌ಲೈಟು, ಎಲ್ಇಡಿ ದೀಪ ಮತ್ತು ಮೊಬೈಲ್ ಚಾರ್ಜರುಗಳು ಮಧ್ಯಮ ತರಂಗದಲ್ಲಿ ಗದ್ದಲ ಉಂಟುಮಾಡುತ್ತವೆ. ಪ್ರಕಟಣೆ ಕೇಳುವಾಗ ಇವುಗಳನ್ನು ಆರಿಸುವುದು ಸೂಕ್ತ.

(ಈ) ಎಫ್.ಎಂ. ಮತ್ತು ಮೊಬೈಲ್ ತರಂಗಗಳು ಅಯಾನುಗೋಳದಿಂದ ಹಿಂದಿರುಗುವುದನ್ನು ಅವಲಂಬಿಸಿಲ್ಲ. ಆದರೆ ಅವು ಹೆಚ್ಚುಕಡಿಮೆ ನೇರ ದಾರಿಯಲ್ಲಿ ಸಾಗುವುದರಿಂದ ವ್ಯಾಪ್ತಿ ಸೀಮಿತವಾಗಿರುತ್ತದೆ. ಗೋಪುರಕ್ಕೆ ವಿದ್ಯುತ್ ಕಡಿತವಾದರೆ ಮೊಬೈಲ್ ಸಂಪರ್ಕವೂ ನಿಲ್ಲಬಹುದು. ಒಂದೇ ಮಾಧ್ಯಮವನ್ನು ನೆಚ್ಚದೆ, ಬ್ಯಾಟರಿ ಚಾಲಿತ ರೇಡಿಯೊ ಮತ್ತು ಮೊಬೈಲ್ ಎರಡನ್ನೂ ಸಿದ್ಧವಾಗಿಟ್ಟುಕೊಳ್ಳಬೇಕೆಂದು ಕೋರಲಾಗಿದೆ.

(ಉ) ತುರ್ತು ಸಂದರ್ಭದಲ್ಲಿ 112ಕ್ಕೆ ಅಥವಾ ಜಿಲ್ಲಾ ನಿಯಂತ್ರಣ ಕೊಠಡಿಯ 1077ಕ್ಕೆ ಕರೆ ಮಾಡಬಹುದು.

7. ಹವ್ಯಾಸಿ ರೇಡಿಯೊ ಪರವಾನಗಿ

ಮೊಬೈಲ್ ಗೋಪುರ ಕೆಲಸ ಮಾಡದಿರುವಾಗಲೂ ಅಯಾನುಗೋಳ ಇದ್ದೇ ಇರುತ್ತದೆ. ಹವ್ಯಾಸಿ ರೇಡಿಯೊ ನಿರ್ವಾಹಕರು ಇದನ್ನು ಬಳಸಿಕೊಳ್ಳುತ್ತಾರೆ. ತಂತಿ ಆಂಟೆನಾವನ್ನು ನೆಲಕ್ಕೆ ಸಮೀಪದಲ್ಲಿ ಕಟ್ಟಿದರೆ ತರಂಗವು ಬಹುತೇಕ ನೇರವಾಗಿ ಮೇಲಕ್ಕೆ ಹೋಗುತ್ತದೆ. ಹಗಲಿನಲ್ಲಿ ಸಾಂದ್ರತೆ 10 ಲಕ್ಷ ಇದ್ದಾಗ ಪ್ಲಾಸ್ಮಾ ಆವೃತ್ತಿ 9 ಮೆಗಾಹರ್ಟ್ಸ್ ಆಗುವುದರಿಂದ 7 ಮೆಗಾಹರ್ಟ್ಸ್ ತರಂಗವು ಹಿಂದಿರುಗಿ ಸುತ್ತಲಿನ ನೂರಾರು ಕಿಲೋಮೀಟರ್ ಪ್ರದೇಶವನ್ನು ತಲುಪುತ್ತದೆ. ರಾತ್ರಿ ಸಾಂದ್ರತೆ 2 ಲಕ್ಷಕ್ಕೆ ಇಳಿದರೆ ಪ್ಲಾಸ್ಮಾ ಆವೃತ್ತಿ ಸುಮಾರು 4 ಮೆಗಾಹರ್ಟ್ಸ್‌ಗೆ ಇಳಿಯುತ್ತದೆ. ಆಗ ನೇರವಾಗಿ ಮೇಲೇರಿದ 7 ಮೆಗಾಹರ್ಟ್ಸ್ ತರಂಗವು ಹಿಂದಿರುಗದೆ ಬಾಹ್ಯಾಕಾಶ ಸೇರುತ್ತದೆ, ನಿರ್ವಾಹಕರು 3.5 ಮೆಗಾಹರ್ಟ್ಸ್ ಪಟ್ಟಿಗೆ ಬದಲಾಗಬೇಕಾಗುತ್ತದೆ. ಇದನ್ನು ಅರಿಯದವರು ಸಲಕರಣೆ ಕೆಟ್ಟಿದೆಯೆಂದು ತಿಳಿಯುವ ಸಾಧ್ಯತೆ ಇದೆ. ಪರವಾನಗಿಗೆ ಮುನ್ನ ಪರೀಕ್ಷೆ ನಡೆಸಲು ಇಂತಹ ತಿಳಿವಳಿಕೆಯ ಅಗತ್ಯವೂ ಒಂದು ಕಾರಣವಾಗಿದೆ.

ರೇಡಿಯೊ ಕೇಳಲು ಯಾವುದೇ ಪರವಾನಗಿ ಬೇಕಾಗಿಲ್ಲ. ಹವ್ಯಾಸಿ ಕೇಂದ್ರದಿಂದ ಪ್ರಸಾರ ಮಾಡಲು ಪರವಾನಗಿ ಕಡ್ಡಾಯವಾಗಿದೆ. ಇದು ರಾಜ್ಯ ಸರ್ಕಾರದ ವಿಷಯವಲ್ಲ. ಕೇಂದ್ರ ದೂರಸಂಪರ್ಕ ಇಲಾಖೆಯ ನಿಸ್ತಂತು ಯೋಜನೆ ಮತ್ತು ಸಮನ್ವಯ ವಿಭಾಗಕ್ಕೆ ಸೇರಿದ್ದು. ಆಸಕ್ತರು ಸದರಿ ಇಲಾಖೆಯ 'ಸರಳ್ ಸಂಚಾರ್' ಜಾಲತಾಣದ ಮೂಲಕ ವಿವರ ಪಡೆಯಬಹುದು. ತಾಲ್ಲೂಕು ಕಚೇರಿ ಅಥವಾ ನಾಡಕಚೇರಿಗಳಲ್ಲಿ ಈ ಅರ್ಜಿಗಳನ್ನು ಸ್ವೀಕರಿಸಲಾಗುವುದಿಲ್ಲ.

8. ಜಮೀನಿನ ಅಳತೆ ಮತ್ತು ಉಪಗ್ರಹ ಸಂಕೇತ

ಪ್ರವಾಹದಲ್ಲಿ ಬದು ಕೊಚ್ಚಿಹೋಗಿ ಗಡಿಕಲ್ಲು ಹೂಳಿನಲ್ಲಿ ಮುಚ್ಚಿದಾಗ ರೈತರು ಹದ್ದುಬಸ್ತಿಗೆ ಅರ್ಜಿ ಸಲ್ಲಿಸುತ್ತಾರೆ. ಭೂಮಾಪನದಲ್ಲಿ ಸರಪಳಿಯ ಜೊತೆಗೆ ಈಗ ಉಪಗ್ರಹ ಆಧಾರಿತ ರೋವರ್ ಉಪಕರಣವೂ ಬಳಕೆಗೆ ಬಂದಿದೆ. ಉಪಗ್ರಹದ ಸಂಕೇತ ಹೊರಟು ತಲುಪಲು ತೆಗೆದುಕೊಂಡ ಸಮಯದಿಂದ ದೂರವನ್ನು ಲೆಕ್ಕ ಮಾಡುವುದು ಇದರ ಕ್ರಮ. ಅಯಾನುಗೋಳವನ್ನು ದಾಟುವಾಗ ಸಂಕೇತ ತಡವಾದರೆ ಉಪಗ್ರಹವು ಇರುವುದಕ್ಕಿಂತ ದೂರದಲ್ಲಿರುವಂತೆ ತೋರುತ್ತದೆ.

ಈ ದೋಷದ ಪ್ರಮಾಣ ಹೀಗಿದೆ. ಸಂಕೇತದ ದಾರಿಯುದ್ದಕ್ಕೂ ಒಂದು ಚದರ ಮೀಟರ್ ಅಗಲದ ಕಂಬವನ್ನು ಊಹಿಸಿ, ಅದರೊಳಗಿನ ಎಲೆಕ್ಟ್ರಾನುಗಳನ್ನು ಎಣಿಸಲಾಗುತ್ತದೆ. ಇಂತಹ 1 ಕೋಟಿ ಕೋಟಿಯ 100 ಪಟ್ಟನ್ನು, ಅಂದರೆ 10ರ 16ನೇ ಘಾತವನ್ನು, ಒಂದು ಘಟಕ ಎನ್ನುತ್ತಾರೆ. ಪ್ರತಿ ಘಟಕಕ್ಕೆ 1575.42 ಮೆಗಾಹರ್ಟ್ಸ್ ಸಂಕೇತದಲ್ಲಿ ಸುಮಾರು 16 ಸೆಂಟಿಮೀಟರ್ ದೋಷ ಬರುತ್ತದೆ. 50 ಘಟಕಗಳಿದ್ದರೆ ದೋಷವು 8 ಮೀಟರ್. ಒಂದು ಗುಂಟೆಯ ಬದಿ 33 ಅಡಿ, ಅಂದರೆ ಸುಮಾರು 10 ಮೀಟರ್. ತಿದ್ದುಪಡಿ ಮಾಡದಿದ್ದರೆ ಈ ದೋಷ ಎಷ್ಟು ದೊಡ್ಡದೆಂಬುದು ಇದರಿಂದ ತಿಳಿಯುತ್ತದೆ.

ಇದನ್ನು ಎರಡು ರೀತಿಯಲ್ಲಿ ತಿದ್ದಲಾಗುತ್ತದೆ. ಆವೃತ್ತಿ ಹೆಚ್ಚಾದಂತೆ ವಿಳಂಬ ಕಡಿಮೆಯಾಗುವುದರಿಂದ, ಎರಡು ಆವೃತ್ತಿಗಳ ಸಂಕೇತಗಳನ್ನು ಹೋಲಿಸಿ ದೋಷವನ್ನು ಕಂಡುಹಿಡಿಯಬಹುದು. ಭಾರತದ ನಾವಿಕ್ ಉಪಗ್ರಹಗಳು ಇದೇ ಉದ್ದೇಶದಿಂದ 1176.45 ಮತ್ತು 2492.028 ಮೆಗಾಹರ್ಟ್ಸ್ ಎಂಬ ಎರಡು ಆವೃತ್ತಿಗಳಲ್ಲಿ ಸಂಕೇತ ನೀಡುವಂತೆ ರೂಪುಗೊಂಡವು. ಒಂದು ಘಟಕಕ್ಕೆ ಮೊದಲನೆಯದರಲ್ಲಿ ಸುಮಾರು 29, ಎರಡನೆಯದರಲ್ಲಿ ಸುಮಾರು 6.5 ಸೆಂಟಿಮೀಟರ್ ದೋಷ ಬರುತ್ತದೆ. ಇನ್ನೊಂದು ರೀತಿಯಲ್ಲಿ, ನಿಖರ ಸ್ಥಾನ ತಿಳಿದಿರುವ ಸ್ಥಿರ ಕೇಂದ್ರವು ತನ್ನ ದೋಷವನ್ನು ಅಳೆದು ರೋವರಿಗೆ ಕಳುಹಿಸುತ್ತದೆ. ಎರಡೂ ಉಪಕರಣಗಳ ಮೇಲಿನ ಆಕಾಶ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಅಳತೆಯು ಕೆಲವು ಸೆಂಟಿಮೀಟರ್‌ಗಳ ಒಳಗೆ ನಿಖರವಾಗುತ್ತದೆ. ವಿಮಾನಯಾನಕ್ಕಾಗಿ ಇಸ್ರೊ ಮತ್ತು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರಗಳು ರೂಪಿಸಿದ 'ಗಗನ್' ವ್ಯವಸ್ಥೆಯ ಮುಖ್ಯ ನಿಯಂತ್ರಣ ಕೇಂದ್ರವು ಬೆಂಗಳೂರಿನಲ್ಲಿದ್ದು, ಅದು ಅಯಾನುಗೋಳದ ತಿದ್ದುಪಡಿಗಳನ್ನೂ ಪ್ರಸಾರ ಮಾಡುತ್ತದೆ.

ಭೂಮಿಯ ಕಾಂತೀಯ ಸಮಭಾಜಕ ರೇಖೆಯು ದಕ್ಷಿಣ ಭಾರತದ ತುದಿಯ ಬಳಿ ಹಾದುಹೋಗುತ್ತದೆ. 1963ರಲ್ಲಿ ರಾಕೆಟ್ ಉಡಾವಣೆಗೆ ಕೇರಳದ ತುಂಬಾವನ್ನು ಆರಿಸಿಕೊಳ್ಳಲು ಇದೇ ಕಾರಣ. ಆ ರೇಖೆಯ ಮೇಲಿನಿಂದ ಎತ್ತಲ್ಪಟ್ಟ ಪ್ಲಾಸ್ಮಾ ಉತ್ತರಕ್ಕೆ ಸರಿದು ಗುಜರಾತಿನ ಅಕ್ಷಾಂಶಗಳ ಬಳಿ ದಟ್ಟವಾಗುತ್ತದೆ. ಕಲಬುರಗಿ ಜಿಲ್ಲೆ ಇವೆರಡರ ನಡುವೆ ಇದೆ. ಸೂರ್ಯಾಸ್ತದ ನಂತರ, ವಿಶೇಷವಾಗಿ ಸೂರ್ಯನ ಚಟುವಟಿಕೆ ಹೆಚ್ಚಿರುವ ವರ್ಷಗಳ ಮಾರ್ಚ್-ಏಪ್ರಿಲ್ ಮತ್ತು ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳಲ್ಲಿ, ಈ ಪದರದಲ್ಲಿ ವಿರಳ ಪ್ಲಾಸ್ಮಾದ ಗುಳ್ಳೆಗಳು ಏಳುತ್ತವೆ. ಆಗ ಉಪಗ್ರಹ ಸಂಕೇತವು ನಕ್ಷತ್ರದಂತೆ ಮಿನುಗಿ ರೋವರಿನ ಅಳತೆ ಕೈತಪ್ಪಬಹುದು.

ಅರ್ಜಿದಾರರಿಗೆ ಸೂಚನೆಗಳು:

(ಅ) ಹದ್ದುಬಸ್ತು, ಪೋಡಿ ಮತ್ತು 11ಇ ನಕ್ಷೆಗೆ ಅರ್ಜಿಗಳನ್ನು ಮೋಜಿಣಿ ವ್ಯವಸ್ಥೆಯ ಮೂಲಕ ನಿಗದಿತ ಶುಲ್ಕದೊಂದಿಗೆ ಸಲ್ಲಿಸಬೇಕು.
(ಆ) ಅಳತೆಯ ದಿನ ಅಕ್ಕಪಕ್ಕದ ಹಿಡುವಳಿದಾರರೊಂದಿಗೆ ಸ್ಥಳದಲ್ಲಿ ಹಾಜರಿರಬೇಕು.
(ಇ) ರೋವರ್ ಬಳಸಿದಲ್ಲಿ, ಕಲ್ಲು ನೆಡುವ ಮುನ್ನ ಉಪಕರಣದಲ್ಲಿ 'ಫಿಕ್ಸ್' ಸ್ಥಿತಿ ಬಂದಿದೆಯೇ ಎಂದು ಭೂಮಾಪಕರನ್ನು ಕೇಳಬಹುದು. 'ಫ್ಲೋಟ್' ಎಂದಿದ್ದರೆ ಅಳತೆ ಇನ್ನೂ ಸ್ಥಿರವಾಗಿಲ್ಲವೆಂದು ಅರ್ಥ.
(ಈ) ಮರಗಳ ಕೆಳಗಿನ ಮತ್ತು ಸಂಜೆಯ ನಂತರದ ಅಳತೆಯ ಬಗ್ಗೆ ಸಂಶಯವಿದ್ದಲ್ಲಿ, ಬೇರೆ ವೇಳೆಯಲ್ಲಿ ಮತ್ತೊಮ್ಮೆ ತಾಳೆ ನೋಡಲು ಕೋರಬಹುದು.
(ಉ) ಉಪಗ್ರಹವು ಸ್ಥಾನವನ್ನು ಮಾತ್ರ ತಿಳಿಸುತ್ತದೆ, ಹಕ್ಕನ್ನು ನಿರ್ಧರಿಸುವುದಿಲ್ಲ. ಗಡಿಗೆ ಮೂಲ ಟಿಪ್ಪಣಿ ಮತ್ತು ಆಕಾರಬಂದ್ ದಾಖಲೆಗಳೇ ಆಧಾರವಾಗಿರುತ್ತವೆ.

9. ಸೂರ್ಯನ ಮೇಲೆ ನಿಗಾ: ಗೌರಿಬಿದನೂರು

ಅಯಾನುಗೋಳವನ್ನು ಉಂಟುಮಾಡುವವನೂ ಕದಡುವವನೂ ಸೂರ್ಯನೇ. ಕರ್ನಾಟಕದ ಗೌರಿಬಿದನೂರಿನಲ್ಲಿ ಭಾರತೀಯ ಖಭೌತ ಸಂಸ್ಥೆಯ ರೇಡಿಯೊ ದೂರದರ್ಶಕ ವ್ಯವಸ್ಥೆಯು 1997ರಿಂದ ಸೂರ್ಯನ ಹೊರ ಆವರಣವಾದ ಕರೋನಾವನ್ನು ವೀಕ್ಷಿಸುತ್ತಿದೆ. ಇಲ್ಲಿಯೂ ಅದೇ ನಿಯಮ ಅನ್ವಯಿಸುತ್ತದೆ. 120 ಮೆಗಾಹರ್ಟ್ಸ್ ತರಂಗವು ಘನ ಸೆಂಟಿಮೀಟರಿಗೆ ಸುಮಾರು 18 ಕೋಟಿ ಎಲೆಕ್ಟ್ರಾನುಗಳಿರುವ ಪದರಕ್ಕಿಂತ ಆಳದಿಂದ ಹೊರಬರಲಾರದು. 40 ಮೆಗಾಹರ್ಟ್ಸ್ ತರಂಗಕ್ಕೆ ಈ ಮಿತಿ ಸುಮಾರು 2 ಕೋಟಿ. ಹೀಗೆ ಆವೃತ್ತಿಯನ್ನು ಬದಲಿಸಿ ಕರೋನಾದ ಬೇರೆ ಬೇರೆ ಎತ್ತರಗಳನ್ನು ನೋಡಲಾಗುತ್ತದೆ. 2024ರ ಮೇ ತಿಂಗಳಿನಲ್ಲಿ ಬಂದಂತಹ ಪ್ರಬಲ ಸೌರ ಬಿರುಗಾಳಿಗಳು ಭೂಮಿಯ ಅಯಾನುಗೋಳವನ್ನು ಅಸ್ತವ್ಯಸ್ತಗೊಳಿಸುತ್ತವೆ.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮನೆಯ ಟ್ಯೂಬ್‌ಲೈಟನ್ನು ಆಂಟೆನಾ ಆಗಿ ಬಳಸಬಹುದೇ?
ಉತ್ತರ: ತತ್ವತಃ ಸಾಧ್ಯವಿದ್ದರೂ ಮನೆಯಲ್ಲಿ ಪ್ರಯತ್ನಿಸಬಾರದು. ವಿದ್ಯುತ್ ಆಘಾತದ ಅಪಾಯವಿದೆ. ಕೊಳವೆ ಒಡೆದರೆ ಪಾದರಸ ಹೊರಬರುತ್ತದೆ.

ಪ್ರಶ್ನೆ: ಮೋಡ ಮತ್ತು ಮಳೆಯಿಂದ ಅಯಾನುಗೋಳದಲ್ಲಿ ಅಡಚಣೆಯಾಗುತ್ತದೆಯೇ?
ಉತ್ತರ: ಮೋಡಗಳು ಸುಮಾರು 15 ಕಿಲೋಮೀಟರ್ ಒಳಗಿನ ಎತ್ತರದಲ್ಲಿರುತ್ತವೆ, ಅಯಾನುಗೋಳ ಅದಕ್ಕಿಂತ ಬಹಳ ಮೇಲಿದೆ. ಮಳೆಗಾಲದ ರೇಡಿಯೊ ಗದ್ದಲಕ್ಕೆ ಮುಖ್ಯ ಕಾರಣ ಸಿಡಿಲು.

ಪ್ರಶ್ನೆ: ಸಿಡಿಲು ಬಡಿಯುವಾಗ ಹೊರಗಿನ ತಂತಿ ಆಂಟೆನಾ ಬಳಸಬಹುದೇ?
ಉತ್ತರ: ಬಳಸಬಾರದು. ತಂತಿಯನ್ನು ಮೊದಲೇ ಬೇರ್ಪಡಿಸಿ, ಬ್ಯಾಟರಿ ಚಾಲಿತ ರೇಡಿಯೊವನ್ನು ಮನೆಯೊಳಗೆ ಬಳಸಬೇಕು.

11. ಸೂಚನೆ

ಈ ಮಾಹಿತಿಯನ್ನು ಸಾರ್ವಜನಿಕರ ಸಾಮಾನ್ಯ ತಿಳಿವಳಿಕೆಗಾಗಿ ನೀಡಲಾಗಿದೆ. ಶುಲ್ಕ, ನಮೂನೆ ಮತ್ತು ಕಾಲಮಿತಿಗಳ ವಿವರಗಳನ್ನು ಅರ್ಜಿ ಸಲ್ಲಿಸುವ ಮುನ್ನ ಸಂಬಂಧಪಟ್ಟ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು. ನದಿಯ ನೀರಿನ ಮಟ್ಟದ ಬಗ್ಗೆ ಅಧಿಕೃತ ಪ್ರಕಟಣೆ ಬಂದ ಕೂಡಲೇ, ಧ್ವನಿ ಮತ್ತೊಮ್ಮೆ ಸ್ಪಷ್ಟವಾಗಲೆಂದು ಕಾಯದೆ, ತೀರದ ನಿವಾಸಿಗಳು ಜಾನುವಾರುಗಳೊಂದಿಗೆ ಸುರಕ್ಷಿತ ಸ್ಥಳಕ್ಕೆ ತೆರಳಬೇಕೆಂದು ಕೋರಲಾಗಿದೆ.